ಯಂತ್ರ ಕೊನೆಗೆ, ಅಚ್ಚು ಮೊದಲು

ಮಣ್ಣಿನ ಗೋಡೆ ಕಟ್ಟುವವರು ಕಲಸಿದ ಮಣ್ಣಿಗೆ ಹುಲ್ಲು, ಹೊಟ್ಟು ಸೇರಿಸಿ ಚೆನ್ನಾಗಿ ತುಳಿಯುತ್ತಾರೆ. ಏಕೆ ಎಂದು ಯೋಚಿಸಿದ್ದೀರಾ? ಬರೀ ಮಣ್ಣು ಒಣಗಿದರೆ ಬಿರಿಯುತ್ತದೆ. ಬರೀ ಹುಲ್ಲು ಭಾರ ಹೊರುವುದಿಲ್ಲ. ಎರಡನ್ನೂ ಕೂಡಿಸಿದರೆ ಮಣ್ಣು ಹುಲ್ಲಿನ ಎಳೆಗಳನ್ನು ಹಿಡಿದಿಡುತ್ತದೆ. ಬಿರುಕು ಮುಂದೆ ಓಡದಂತೆ ಎಳೆಗಳು ಅಡ್ಡಗಟ್ಟುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇಂತಹ ಜೋಡಿ ವಸ್ತುವಿಗೆ ಕಾಂಪೋಸಿಟ್ ಎಂದು ಹೆಸರು. ಇದನ್ನು ‘ಸಂಯುಕ್ತ’ ಎಂದು ಬರೆದು ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳಬಾರದು. ರಸಾಯನಶಾಸ್ತ್ರದ ಸಂಯುಕ್ತದಲ್ಲಿ ಧಾತುಗಳು ತಮ್ಮ ಮೂಲಗುಣವನ್ನು ಕಳೆದುಕೊಳ್ಳುತ್ತವೆ. ಕಾಂಪೋಸಿಟ್‌ನಲ್ಲಿ ಎಳೆ ಎಳೆಯಾಗಿಯೇ ಉಳಿಯುತ್ತದೆ, ಅಂಟು ಅಂಟಾಗಿಯೇ ಉಳಿಯುತ್ತದೆ. ಮಣ್ಣಿನ ಜಾಗದಲ್ಲಿ ರೆಸಿನ್ ಎಂಬ ರಾಳ, ಹುಲ್ಲಿನ ಜಾಗದಲ್ಲಿ ಗಾಜಿನ ಎಳೆ ಬಂದರೆ ಅದೇ ನಾವು ಪೇಟೆಯಲ್ಲಿ ‘ಫೈಬರ್’ ಎಂದು ಕರೆಯುವ ಎಫ್‌ಆರ್‌ಪಿ. ಗಾಜಿನ ಬದಲು ಕಾರ್ಬನ್ ಎಳೆ ಬಂದರೆ ಅದು ವಿಮಾನದ ರೆಕ್ಕೆಗೆ ಹೋಗುತ್ತದೆ. (ಮದುವೆ ಮನೆಯ ‘ಫೈಬರ್ ಕುರ್ಚಿ’ಗಳಲ್ಲಿ ಸಾಮಾನ್ಯವಾಗಿ ಎಳೆಯೇ ಇರುವುದಿಲ್ಲ. ಅವು ಬರೀ ಪ್ಲಾಸ್ಟಿಕ್!)

ಈ ವಾರ ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಪಾಲಕರು ಮೇಲಿಂದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: “ಸರ್ರ, ಮಗಾ ಡಿಪ್ಲೊಮಾ ಮುಗಿಸ್ಯಾನ್ರಿ. ಫೈಬರ್ ಫ್ಯಾಕ್ಟರಿ ಹಾಕ್ತೀನಂತಾನ. ಮಷಿನ್ನಿಗೆ ಎಷ್ಟಾಗ್ತೈತ್ರಿ?” ಹುಡುಗನ ಉತ್ಸಾಹ ಒಳ್ಳೆಯದು. ಆದರೆ ಪ್ರಶ್ನೆ ತಪ್ಪು ತುದಿಯಿಂದ ಶುರುವಾಗಿದೆ. ಹೊಲ ಅಡವಿಟ್ಟು ಯಂತ್ರ ತಂದು, ಅದರಿಂದ ಏನು ಮಾಡುವುದೆಂದು ಆಮೇಲೆ ಯೋಚಿಸಿದರೆ ಕಷ್ಟ. ಕಾಂಪೋಸಿಟ್ ಕಾರ್ಖಾನೆಯ ಯೋಜನೆಗೆ ಒಂದು ಕ್ರಮವಿದೆ: ಮೊದಲು ಮಾಡುವ ವಸ್ತು, ನಂತರ ಅಚ್ಚು, ನಂತರ ಕಚ್ಚಾ ಸಾಮಗ್ರಿ, ಕೊನೆಗೆ ಯಂತ್ರ.

ನಮ್ಮ ರಾಜ್ಯದ ಉದಾಹರಣೆ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ‘ಹಂಸ’ ಎಂಬ ಎರಡು ಆಸನಗಳ ಪುಟ್ಟ ತರಬೇತಿ ವಿಮಾನವನ್ನು ರೂಪಿಸಿತು. ಅದು ಮೊದಲ ಸಲ ಹಾರಿದ್ದು 1993ರಲ್ಲಿ. ಅದರ ಮೈಯೆಲ್ಲ ಕಾಂಪೋಸಿಟ್. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಹಾರಾಟ ನಡೆಸಿದ ‘ತೇಜಸ್’ ಯುದ್ಧವಿಮಾನದ ಕವಚದ ತೂಕದಲ್ಲಿ ಸುಮಾರು ಶೇ 45ರಷ್ಟು ಕಾಂಪೋಸಿಟ್ಟೇ. ಕಾರಣ ಸರಳ. ಒಂದು ಘನ ಸೆಂ.ಮೀ. ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ, ಅಲ್ಯುಮಿನಿಯಂ 2.7 ಗ್ರಾಂ, ಕಾರ್ಬನ್ ಕಾಂಪೋಸಿಟ್ 1.6 ಗ್ರಾಂ ಮಾತ್ರ.

ಇಂತಹ ಕೆಲಸದಲ್ಲಿ ಮೊದಲು ನಿಶ್ಚಯವಾಗುವುದು ಭಾಗದ ಆಕಾರ, ಅದು ಹೊರಬೇಕಾದ ಭಾರ, ತಡೆಯಬೇಕಾದ ಶಾಖ. ಎಳೆಯನ್ನು ಯಾವ ದಿಕ್ಕಿಗೆ ಹಾಸಬೇಕೆಂಬುದು ಅದರಿಂದ ಗೊತ್ತಾಗುತ್ತದೆ. ಇದು ರಾಮದುರ್ಗದ ನೇಕಾರರ ಮಕ್ಕಳಿಗೆ ಬೇಗ ತಿಳಿಯುವ ಮಾತು. ಬಟ್ಟೆಯನ್ನು ಹಾಸಿನ ದಿಕ್ಕಿಗೆ ಅಥವಾ ಹೊಕ್ಕಿನ ದಿಕ್ಕಿಗೆ ಎಳೆದರೆ ಜಗ್ಗುವುದಿಲ್ಲ; ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಕಾಂಪೋಸಿಟ್‌ನ ಬಲವೂ ಎಳೆಯ ದಿಕ್ಕಿನಲ್ಲಿಯೇ ಇರುತ್ತದೆ. ಲೋಹದ ತಗಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಅಚ್ಚು

ನಾವು ವಿಮಾನ ಬಿಟ್ಟು ನೆಲಕ್ಕೆ ಇಳಿಯೋಣ. ನೀರಿನ ತೊಟ್ಟಿಗೆ ಒಂದು ಚದರ ಮೀಟರಿನ ಫೈಬರ್ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ ಎಂದುಕೊಳ್ಳಿ. ತಿಂಗಳಿಗೆ 200 ಮುಚ್ಚಳ ಬೇಕು.

ಮೊದಲು ಮುಚ್ಚಳದ್ದೇ ಆಕಾರದ ಒಂದು ಮಾದರಿ ಬೇಕು. ಇದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಅದನ್ನು ಮರದಲ್ಲಿ ಮಾಡಿ, ಕನ್ನಡಿಯಂತೆ ಉಜ್ಜಿ, ಅದರ ಮೇಲೆ ಫೈಬರ್ ಹಾಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನೊಳಗೆ ಮುಚ್ಚಳಗಳು ತಯಾರಾಗುತ್ತವೆ. ಪ್ಯಾಟರ್ನಿನಲ್ಲಿ ಒಂದು ಗೀರು ಇದ್ದರೆ ಅದು ಅಚ್ಚಿಗೆ ಬರುತ್ತದೆ, ಅಚ್ಚಿನಿಂದ 200 ಮುಚ್ಚಳಗಳಿಗೂ ಬರುತ್ತದೆ. ಆದ್ದರಿಂದ ಇಲ್ಲಿ ಕೈಬಿಗಿ ಮಾಡಬಾರದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಂದಾಗಿ ಪ್ಯಾಟರ್ನ್ ಮಾಡುವ ಕುಶಲ ಕೈಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಎರಕದ ಕಬ್ಬಿಣ ಆರಿದಾಗ ಕುಗ್ಗುವುದನ್ನು ಲೆಕ್ಕ ಹಾಕುವುದು ಅವರಿಗೆ ಗೊತ್ತು. ಪಾಲಿಯೆಸ್ಟರ್ ರೆಸಿನ್ ಕೂಡ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ 5ರಿಂದ 8ರಷ್ಟು ಕುಗ್ಗುತ್ತದೆ.

ಅಚ್ಚಿನ ಗೋಡೆ ನೆಟ್ಟಗಿರಬಾರದು, ತುಸು ಓರೆಯಾಗಿರಬೇಕು. ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು ಇರುವುದು ಇದಕ್ಕೇ. ಇಡ್ಲಿ ತಟ್ಟೆಗೆ ಎಣ್ಣೆ ಸವರುವಂತೆ ಅಚ್ಚಿಗೆ ಮೇಣ ಸವರಬೇಕು. ಅಚ್ಚು ಬಾಗದಂತೆ ಭಾಗಕ್ಕಿಂತ ಎರಡು-ಮೂರು ಪಟ್ಟು ದಪ್ಪವಿರಬೇಕು.

ಈಗ ಲೆಕ್ಕ. ಒಂದು ಅಚ್ಚಿನಿಂದ ದಿನಕ್ಕೆ ಎರಡು ಮುಚ್ಚಳ ತೆಗೆಯಬಹುದು ಎಂದರೆ 25 ದಿನಕ್ಕೆ 50. ತಿಂಗಳಿಗೆ 200 ಬೇಕಾದರೆ ನಾಲ್ಕು ಅಚ್ಚು ಬೇಕು. ಗಮನಿಸಿ: ಉತ್ಪಾದನೆಯನ್ನು ನಿರ್ಧರಿಸಿದ್ದು ಯಂತ್ರವಲ್ಲ, ಅಚ್ಚುಗಳ ಸಂಖ್ಯೆ. ರೆಸಿನ್ ಗಟ್ಟಿಯಾಗುವವರೆಗೆ ಅಚ್ಚು ಖಾಲಿಯಾಗುವುದಿಲ್ಲ. ಎಷ್ಟು ದೊಡ್ಡ ಯಂತ್ರ ತಂದರೂ ಆ ಸಮಯ ಓಡುವುದಿಲ್ಲ.

ಕಚ್ಚಾ ಸಾಮಗ್ರಿ

ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ಎಳೆಯ ಮ್ಯಾಟ್ ಮೂರು ಪದರ ಹಾಸಿದರೆ ಸುಮಾರು 3 ಮಿ.ಮೀ. ದಪ್ಪ ಬರುತ್ತದೆ. ಒಂದು ಮುಚ್ಚಳಕ್ಕೆ ಮ್ಯಾಟ್ 1.35 ಕಿಲೊ. ರೆಸಿನ್ ಅದರ ಎರಡೂವರೆ ಪಟ್ಟು, ಅಂದರೆ ಸುಮಾರು 3.4 ಕಿಲೊ. ಮೇಲ್ಮೈ ನುಣುಪಾಗಲು ಹಚ್ಚುವ ಜೆಲ್ ಕೋಟ್ ಸುಮಾರು 600 ಗ್ರಾಂ. 200 ಮುಚ್ಚಳಕ್ಕೆ, ಶೇ 10 ವ್ಯರ್ಥವನ್ನೂ ಸೇರಿಸಿ, ತಿಂಗಳಿಗೆ ಮ್ಯಾಟ್ ಸುಮಾರು 300 ಕಿಲೊ, ರೆಸಿನ್ ಸುಮಾರು 750 ಕಿಲೊ, ಜೆಲ್ ಕೋಟ್ 132 ಕಿಲೊ ಬೇಕಾಯಿತು. ರೆಸಿನ್‌ನ ಒಂದು ಡ್ರಮ್ಮಿನಲ್ಲಿ 225 ಕಿಲೊ ಎಂದರೆ ನಾಲ್ಕು ಡ್ರಮ್ಮು. ಗಟ್ಟಿಗೊಳಿಸುವ ಪೆರಾಕ್ಸೈಡ್ ಶೇ 1.5ರಂತೆ ಸುಮಾರು 13 ಕಿಲೊ. ಎಂಟನೇ ತರಗತಿಯ ಗುಣಾಕಾರ, ಶೇಕಡಾ ಲೆಕ್ಕ ಬಂದರೆ ಇಷ್ಟೂ ಆಗುತ್ತದೆ.

‘ವರ್ಷದ್ದು ಒಮ್ಮೆಗೇ ತಂದರೆ ಅಗ್ಗ’ ಎಂದು 48 ಡ್ರಮ್ಮು ತಂದು ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಪಾಲಿಯೆಸ್ಟರ್ ರೆಸಿನ್ ತಂಪಾದ ನೆರಳಿನಲ್ಲಿ ಸಾಮಾನ್ಯವಾಗಿ ಆರು ತಿಂಗಳು ಬಾಳುತ್ತದೆ. ಬೇಸಿಗೆಯ ಶೆಡ್ಡಿನಲ್ಲಿ ಅದಕ್ಕಿಂತ ಬೇಗ ತನ್ನಷ್ಟಕ್ಕೆ ತಾನೇ ಹೆಪ್ಪುಗಟ್ಟುತ್ತದೆ. ಹೆಪ್ಪಾದ ರೆಸಿನ್ ಮತ್ತೆ ನೀರಾಗುವುದಿಲ್ಲ. ಮೊದಲು ಬಂದದ್ದು ಮೊದಲು ಖರ್ಚಾಗಲಿ. ಪ್ರತಿ ಡ್ರಮ್ಮಿನ ಮೇಲೆ ಬಂದ ತಾರೀಖು ಬರೆಯಿರಿ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಕಿತ್ತೂರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ, ಲಾರಿಗೆ ಅನುಕೂಲ. ಆದರೆ ಮಲೆನಾಡಿನ ಅಂಚಿನ ಊರು, ಮಳೆಗಾಲದಲ್ಲಿ ಥಂಡಿ ಹೆಚ್ಚು. ತೇವ ಹಿಡಿದ ಮ್ಯಾಟಿಗೆ ರೆಸಿನ್ ಸರಿಯಾಗಿ ಅಂಟುವುದಿಲ್ಲ, ಮ್ಯಾಟ್ ಇಡಲು ಒಣ ಕೋಣೆ ಬೇಕೇ ಬೇಕು. ಸವದತ್ತಿ, ರಾಮದುರ್ಗದಲ್ಲಿ ಹವೆ ಒಣ, ಆದರೆ ಬಿಸಿಲು ಜೋರು. ಶಾಖ ಪ್ರತಿ 10 ಡಿಗ್ರಿ ಏರಿದಂತೆ ರೆಸಿನ್ ಹೆಪ್ಪಾಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 20 ನಿಮಿಷ ಕೈಗೆ ಸಿಗುವ ರೆಸಿನ್ 35 ಡಿಗ್ರಿಯಲ್ಲಿ ಹತ್ತೇ ನಿಮಿಷ ಸಿಗುತ್ತದೆ. ಅಲ್ಲಿ ಬೇಸಿಗೆಯ ಕೆಲಸ ಬೆಳಗಿನ ಜಾವ ಮುಗಿಯಬೇಕು. ಬೈಲಹೊಂಗಲ ಇವೆರಡರ ನಡುವೆ ಬರುತ್ತದೆ. ಎಲ್ಲಿಯೇ ಆಗಲಿ, ಗೋಡೆಗೆ ಒಂದು ಉಷ್ಣಮಾಪಕ, ಒಂದು ಆರ್ದ್ರತಾಮಾಪಕ ತೂಗುಹಾಕಿ ದಿನವೂ ಬರೆದಿಡಬೇಕು.

ಜೀವಕ್ಕೆ ಸಂಬಂಧಿಸಿದ ಮಾತು

ಪಾಲಕರು ಇದನ್ನು ಎರಡು ಸಲ ಓದಬೇಕು. ರೆಸಿನ್ ಗಟ್ಟಿಯಾಗಲು ಎರಡು ಪದಾರ್ಥ ಬೇಕು: ವೇಗ ಹೆಚ್ಚಿಸುವ ಕೋಬಾಲ್ಟ್ ದ್ರಾವಣ ಮತ್ತು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು. ಬೆರೆಸಿದರೆ ಬೆಂಕಿ ಹೊತ್ತಬಹುದು, ಸ್ಫೋಟಿಸಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಬೇಕು, ಅದಾದ ಮೇಲೆಯೇ ಪೆರಾಕ್ಸೈಡ್. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಬೇಕು, ಅಳೆಯುವ ಪಾತ್ರೆಗಳೂ ಬೇರೆ ಇರಬೇಕು. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕವಿಲ್ಲದೆ ಅದರ ಬಾಟಲಿ ಮುಟ್ಟಬಾರದು.

ರೆಸಿನ್‌ನಲ್ಲಿರುವ ಸ್ಟೈರೀನ್ ಇನ್ನೊಂದು ಅಪಾಯ. 31 ಡಿಗ್ರಿಯಲ್ಲಿಯೇ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅದಕ್ಕಿಂತ ಬಿಸಿ ಇರುತ್ತದೆ. ಈ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ. ಆದ್ದರಿಂದ ಗಾಳಿ ಹೊರಹಾಕುವ ಫ್ಯಾನ್ ಮಾಳಿಗೆಯ ಹತ್ತಿರ ಇದ್ದರೆ ಸಾಲದು, ನೆಲದ ಹತ್ತಿರವೂ ಬೇಕು. ಬೀಡಿ, ವೆಲ್ಡಿಂಗ್ ಆ ಶೆಡ್ಡಿನ ಹತ್ತಿರ ಸುಳಿಯಬಾರದು. ಗಾಜಿನ ಎಳೆಯ ಧೂಳಿಗೆ ಮುಖಗವಸು ಬೇಕು. ಈ ಖರ್ಚನ್ನು ‘ಆಮೇಲೆ ನೋಡೋಣ’ ಎಂದು ಬಿಡುವಂತಿಲ್ಲ. ಯೋಜನೆಯ ಮೊದಲ ಹಾಳೆಯಲ್ಲಿಯೇ ಬರೆಯಬೇಕು.

ಕೊನೆಗೆ ಯಂತ್ರ

ಈಗ ಯಂತ್ರದ ಪಟ್ಟಿ ಮಾಡಿದರೆ ಅದು ಎಷ್ಟು ಚಿಕ್ಕದು ನೋಡಿ: ಒಳ್ಳೆಯ ತಕ್ಕಡಿ, ಅಳತೆಯ ಪಾತ್ರೆ, ಬ್ರಷ್, ಗುಳ್ಳೆ ಒತ್ತಿ ತೆಗೆಯುವ ರೋಲರ್, ಅಂಚು ಕತ್ತರಿಸುವ ಯಂತ್ರ, ಧೂಳು ಹೀರುವ ವ್ಯವಸ್ಥೆ, ಕಂಪ್ರೆಸರ್, ಬೆಂಕಿ ನಂದಿಸುವ ಸಿಲಿಂಡರ್. ಕೈಯಿಂದ ಹಾಸುವ ಪದ್ಧತಿಗೆ ಇಷ್ಟು ಸಾಕು. ಇನ್ನೂ ಹಗುರ, ಇನ್ನೂ ಗಟ್ಟಿ ಭಾಗದ ಬೇಡಿಕೆ ಬಂದಾಗ ವ್ಯಾಕ್ಯೂಮ್ ಪಂಪ್. ಆಮೇಲೆ ಓವನ್.

ವಿಮಾನದ ಭಾಗಗಳ ಮಾತೇ ಬೇರೆ. ರೆಸಿನ್ ಮೊದಲೇ ಸವರಿದ ಕಾರ್ಬನ್ ಬಟ್ಟೆಯನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಇಡಬೇಕು. ಕರೆಂಟ್ ಹೋದರೆ ಜನರೇಟರ್ ಬೇಕು. ಬೇಯಿಸಲು ಆಟೋಕ್ಲೇವ್ ಬೇಕು. ಇದು ನಮ್ಮ ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ: ವಾತಾವರಣದ ಸುಮಾರು ಏಳು ಪಟ್ಟು ಒತ್ತಡ, ಸುಮಾರು 180 ಡಿಗ್ರಿ ಶಾಖ. ಅಲ್ಲಿ ಅಚ್ಚೂ ಹಿಗ್ಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ: 2 ಮೀಟರ್ ಉದ್ದದ ಅಚ್ಚು 30ರಿಂದ 180 ಡಿಗ್ರಿಗೆ ಕಾದರೆ ಎಷ್ಟು ಹಿಗ್ಗುತ್ತದೆ? ಅಲ್ಯುಮಿನಿಯಂ ಆದರೆ ಸುಮಾರು 7 ಮಿ.ಮೀ., ಉಕ್ಕಾದರೆ 3.6 ಮಿ.ಮೀ. ಕಾರ್ಬನ್ ಭಾಗವೋ, ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಅದಕ್ಕಾಗಿ ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹದ ಅಚ್ಚು ಬಳಸುತ್ತಾರೆ. ಅದು ಉಕ್ಕಿಗಿಂತ ತುಂಬಾ ಕಡಿಮೆ ಹಿಗ್ಗುತ್ತದೆ. ಇದನ್ನು ಕಂಡುಹಿಡಿದ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಪಾಠದಲ್ಲಿ ಓದುವ ರೇಖೀಯ ವಿಕಸನ ಇಲ್ಲಿ ಅಚ್ಚಿನ ಬೆಲೆಯನ್ನೇ ನಿರ್ಧರಿಸುತ್ತದೆ.

ಬೆಳಗಾವಿ ಜಿಲ್ಲೆಗೆ ವಿಮಾನದ ಕೆಲಸ ಹೊಸದಲ್ಲ. ಹತ್ತರಗಿಯಲ್ಲಿ ವಿಮಾನ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯ 2009ರಿಂದ ಇದೆ. ಅಲ್ಲಿ ಲೋಹದ ಕೆಲಸ ಮುಖ್ಯ. ಆದರೆ ಅಳತೆಯ ಶಿಸ್ತು, ಪ್ರತಿ ಭಾಗಕ್ಕೂ ದಾಖಲೆ ಇಡುವ ಪದ್ಧತಿ ಎಲ್ಲಿ ಕಲಿತರೂ ಕಾಂಪೋಸಿಟ್‌ಗೆ ಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿ ಮುಗಿಸಿದವರು ಅಚ್ಚಿನ ವಿದ್ಯೆ ಕಲಿಯಲು ಬೆಳಗಾವಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ವಿಚಾರಿಸಬಹುದು. ಪ್ಲಾಸ್ಟಿಕ್ ಮತ್ತು ರೆಸಿನ್ ವಿದ್ಯೆಗೆ ಮೈಸೂರಿನಲ್ಲಿ ಸಿಪೆಟ್ ಇದೆ. ಕಾರ್ಖಾನೆ ಹಾಕುವವರು ಜಾಗ ಹಿಡಿಯುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿ, ಅಗ್ನಿಶಾಮಕ ಇಲಾಖೆಗಳಲ್ಲಿ ಕೇಳಿಕೊಳ್ಳಬೇಕು. ಮಗ ಅಥವಾ ಮಗಳು ಮೊದಲು ಒಂದು ವರ್ಷ ಇಂತಹ ಕಾರ್ಖಾನೆಯಲ್ಲಿ ಕೈ ಹೊಲಸು ಮಾಡಿಕೊಂಡು ದುಡಿಯಲಿ. ಆ ಒಂದು ವರ್ಷ ಹೊಲಕ್ಕಿಂತ ದೊಡ್ಡ ಬಂಡವಾಳ.

ಇಂದು ಸಂಜೆ ತಂದೆ-ಮಕ್ಕಳು ಕೂಡಿ ಕುಳಿತು ಒಂದು ಹಾಳೆಯ ಮೇಲೆ ನಾಲ್ಕು ಗೆರೆ ಎಳೆಯಿರಿ. ಮೊದಲ ಅಂಕಣದಲ್ಲಿ ಏನು ಮಾಡುತ್ತೀರಿ, ಯಾರು ಕೊಳ್ಳುತ್ತಾರೆ, ತಿಂಗಳಿಗೆ ಎಷ್ಟು ಎಂದು ಬರೆಯಿರಿ. ಎರಡನೆಯದರಲ್ಲಿ ಅಚ್ಚು ಎಷ್ಟು. ಮೂರನೆಯದರಲ್ಲಿ ಸಾಮಗ್ರಿ ಎಷ್ಟು, ಎಲ್ಲಿ ಇಡುತ್ತೀರಿ, ಎಷ್ಟು ದಿನ ಬಾಳುತ್ತದೆ. ಇವು ಮೂರೂ ತುಂಬಿದ ಮೇಲೆ ನಾಲ್ಕನೆಯದರಲ್ಲಿ ಯಂತ್ರದ ಹೆಸರು ಬರೆಯಿರಿ. ಮೊದಲ ಅಂಕಣವೇ ಖಾಲಿ ಉಳಿದರೆ ಹೊಲದ ಉತಾರ ಪೆಟ್ಟಿಗೆಯಲ್ಲಿಯೇ ಇರಲಿ.