ಗಿಡ್ಡ ಹೊಳೆಗಳೂ ಕಟ್ಟ ಕಟ್ಟುವ ಕೈಗಳೂ

ಘಟ್ಟದ ಬುಡದಿಂದ ಕಡಲ ಕರೆಯವರೆಗೆ ನಮ್ಮ ಉಡುಪಿ ಜಿಲ್ಲೆಯ ಅಗಲ ಹೆಚ್ಚಿಲ್ಲ. ಮಾಳದ ಕಡೆಯ ಕಾಡಿನಲ್ಲಿ ಹುಟ್ಟುವ ಸ್ವರ್ಣೆ ಕಾರ್ಕಳ, ಹಿರಿಯಡ್ಕ ಸೀಮೆಗಳನ್ನು ಹಾದು, ಮಣಿಪಾಲದ ಗುಡ್ಡವನ್ನು ಬಳಸಿ, ಕಲ್ಯಾಣಪುರ ದಾಟಿ, ಕೋಡಿ ಬೆಂಗ್ರೆಯ ಬಳಿ ಸೀತಾನದಿಯೊಡನೆ ಕಡಲು ಸೇರುತ್ತದೆ. ಕಾಪು ಕಡೆಯ ಉದ್ಯಾವರದ ಪಾಪನಾಶಿನಿ, ಹೆಜಮಾಡಿಯಲ್ಲಿ ಕಡಲಿಗಿಳಿಯುವ ಶಾಂಭವಿ, ಎಲ್ಲವೂ ಗಿಡ್ಡ ಹೊಳೆಗಳೇ. ಘಟ್ಟದ ಮೇಲಿನ ನಮ್ಮ ಕಾಫಿ ಬೆಳೆಗಾರ ಸದಸ್ಯರ ತುಂಗೆ, ಭದ್ರೆಗಳು ಮೂಡಣಕ್ಕೆ ಹರಿದು, ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟೋ ಲಕ್ಷ ಎಕರೆಗೆ ಉಣಿಸುತ್ತವೆ. ನಮ್ಮ ನೀರಿಗೆ ಅಷ್ಟು ಪುರಸೊತ್ತಿಲ್ಲ.

ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಹೋಗುತ್ತದೆ. ಮುರಕಲ್ಲಿನ ನೆಲ ಅದನ್ನು ಬಹಳ ದಿನ ಹಿಡಿದಿಡುವುದಿಲ್ಲ. 2019ರ ಬೇಸಿಗೆಯಲ್ಲಿ ಸ್ವರ್ಣೆಯ ಬಜೆ ಅಣೆಕಟ್ಟು ಬರಿದಾಗುತ್ತಾ ಬಂದು ಉಡುಪಿ, ಮಣಿಪಾಲದ ಜನ ಕುಡಿಯುವ ನೀರಿಗೆ ಪರದಾಡಿದರು. ಇಂಥ ಹೊತ್ತಿನಲ್ಲಿ ಮೊದಲು ಕಣ್ಣು ಬೀಳುವುದು ಮೇಲ್ದಂಡೆಯ ತೋಟಗಳ ಪಂಪುಗಳ ಮೇಲೆ. ಕುಡಿಯುವ ನೀರೇ ಮೊದಲು ಎಂಬುದಕ್ಕೆ ನಮ್ಮ ತಕರಾರಿಲ್ಲ. ಆದರೆ ಎರಡು ತಿಂಗಳು ನೀರಿಲ್ಲದೆ ಒಣಗಿದ ಅಡಿಕೆ ಮರ ಮಳೆ ಬಂದ ಮಾತ್ರಕ್ಕೆ ಚೇತರಿಸುವುದಿಲ್ಲ. ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು.

ಹಿಂದೆ ಮಳೆ ಹಿಂದೆಗೆದೊಡನೆ ಬೈಲಿನವರೆಲ್ಲ ಸೇರಿ ತೋಡಿಗೆ ಮಣ್ಣು, ಸೊಪ್ಪು ತುಂಬಿ ಕಟ್ಟ ಕಟ್ಟುತ್ತಿದ್ದರು. ಅದು ಸುಗ್ಗಿ, ಕೊಳಕೆ ಬೆಳೆಗಳಿಗೆಂದು ಕಟ್ಟಿದ್ದು; ಬಾವಿ ತುಂಬುತ್ತಿದ್ದುದು ಮೇಲಿನ ಲಾಭ. ಗದ್ದೆ ಹಡಿಲು ಬಿದ್ದಂತೆ ಕಟ್ಟವೂ ಹೋಯಿತು. ಕಟ್ಟುವ ಕೈಗಳಾದರೂ ಎಲ್ಲಿವೆ? 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 11.77 ಲಕ್ಷ. ಅದಕ್ಕೆ ಹಿಂದಿನ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕೂ ಹೆಚ್ಚು ಬೆಳೆದರೆ ನಮ್ಮದು 6ನ್ನೂ ಮುಟ್ಟಲಿಲ್ಲ. ಸಾವಿರ ಗಂಡಸರಿಗೆ 1,090ಕ್ಕೂ ಹೆಚ್ಚು ಹೆಂಗಸರು. ಇದನ್ನು ಹೆಮ್ಮೆಯ ಅಂಕಿಯೆಂದು ಭಾಷಣಗಳಲ್ಲಿ ಹೇಳುವುದುಂಟು. ಗಂಡಸರು ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆಂಬ ಅರ್ಥವೂ ಅದಕ್ಕಿದೆ. ಊರಲ್ಲುಳಿದವರು ಕೊಳವೆಬಾವಿ ಕೊರೆಸಿದೆವು. ಒಬ್ಬರು ಆಳಕ್ಕೆ ಹೋದರೆ ನೆರೆಯವರು ಇನ್ನೂ ಆಳಕ್ಕೆ.

ಹಲವು ತೋಡುಗಳಲ್ಲಿ ಸರಕಾರದ ಕಿಂಡಿ ಅಣೆಕಟ್ಟುಗಳಿವೆ. ಸಕಾಲದಲ್ಲಿ ಹಲಗೆ ಇಳಿಸುವವರಿಲ್ಲದೆ ಅವು ಬರಿಯ ಕಾಲುಸಂಕವಾಗಿವೆ. ಹಲಗೆ ಹಾಕಿಸುವ ಕೆಲಸವನ್ನು ನಮ್ಮ ಸಹಕಾರಿಯೇ ವಹಿಸಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಖರ್ಚು ತೋಟದ ವಿಸ್ತೀರ್ಣಕ್ಕೆ ತಕ್ಕಂತೆ. ಮುಂಬಯಿಯಲ್ಲಿರುವ ಒಡೆಯರಿಗೂ ವಿನಾಯಿತಿ ಬೇಡ. ಮೇಲ್ದಂಡೆಯ ತೋಡುಗಳಲ್ಲಿ ನಿಂತು ಇಂಗಿದ ನೀರು ಬೇಸಿಗೆಯಲ್ಲಿ ಒರತೆಯಾಗಿ ಸ್ವರ್ಣೆಗೇ ಇಳಿಯುವುದರಿಂದ, ಪೇಟೆಯ ನೀರಿನ ತೆರಿಗೆಯಿಂದಲೂ ಒಂದು ಪಾಲು ಕೇಳುವುದು ನ್ಯಾಯ.

ಹಲಗೆ ಇಳಿಸಲು ನವೆಂಬರ್ ಕೊನೆ ಒಳ್ಳೆಯ ಕಾಲ. ಮೊದಲೇ ಇಳಿಸಿದರೆ ಹಿಂಗಾರು ಮಳೆಯ ನೆರೆಗೆ ಕೊಚ್ಚಿಹೋದೀತು. ಆದುದರಿಂದ ಸದಸ್ಯ ಬಾಂಧವರು ಈ ಸಲದ ಮಹಾಸಭೆಗೆ ಬರುವಾಗ ತಮ್ಮ ತೋಡಿನಲ್ಲಿ ಕಿಂಡಿಗಳೆಷ್ಟು, ಹಲಗೆಗಳೆಷ್ಟು ಉಳಿದಿವೆ, ಗೆದ್ದಲು ಹಿಡಿದವೆಷ್ಟು ಎಂದು ಬರೆದು ತರಬೇಕಾಗಿ ಕೋರುತ್ತೇವೆ.