ಕಾಲುವೆ ಇದೆ, ನೀರಿಲ್ಲ... ಒಂದು ಫೋರ್ಟ್ರಾನ್ ಪುರಾಣ

ನಮ್ಮ ಸಿಂಧನೂರು ಕಡೆ ಕಾಲುವೆಯೇ ಇಲ್ಲದ ಹೊಲ ಬೇರೆ, ಕಾಲುವೆ ಇದ್ದೂ ನೀರು ಬಾರದ ಹೊಲ ಬೇರೆ. ಎರಡೂ ಒಂದೇ ಅಂತ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರ ಮುಂದೆ ಹೇಳಿ ನೋಡಿ, ಬೈದು ಕಳಿಸುತ್ತಾರೆ. ಫೋರ್ಟ್ರಾನ್ ಮಾತ್ರ ಎರಡೂ ಒಂದೇ ಅನ್ನುತ್ತದೆ. ನನ್ನ ತಕರಾರು ಅದೇ.

ಮೊನ್ನೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆಯ ಮಳೆಯ ಸರಾಸರಿ ತೆಗೆಯಲು ಪುಟ್ಟ ಪ್ರೋಗ್ರಾಮ್ ಬರೆದೆ. ಮಸ್ಕಿ ಊರು ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲೇ ಇತ್ತಲ್ಲ, ಹಳೆಯ ವರ್ಷಗಳಿಗೆ ಅದರ ಲೆಕ್ಕ ಬೇರೆ ಬೇಡ ಅಂತ ಆ ಆರ್ಗ್ಯುಮೆಂಟನ್ನು ‘ಆಪ್ಷನಲ್’ ಮಾಡಿದೆ. ಫೈಲಿನ ಹೆಸರು ತಪ್ಪಿ ಬರೆದೆ, ಮಸ್ಕಿಯ ಪಾಯಿಂಟರ್ ನಲ್ ಆಗಿಯೇ ಉಳಿಯಿತು. ಪ್ರೋಗ್ರಾಮ್ ಚಕಾರ ಎತ್ತಲಿಲ್ಲ! ಎರಡೇ ಊರಿನ ಸರಾಸರಿ ತೆಗೆದು ಕೊಟ್ಟಿತು. ನಾನೂ ಎರಡು ದಿನ ನಂಬಿದ್ದೆ.

ಕಂಪೈಲರ್ ತಪ್ಪೇನೂ ಮಾಡಿಲ್ಲ. ಫೋರ್ಟ್ರಾನ್ 90ರಲ್ಲಿ ಪಾಯಿಂಟರ್ ಬಂದಾಗ, ನಲ್ ಪಾಯಿಂಟರನ್ನು ಪಾಯಿಂಟರ್ ಅಲ್ಲದ ಆರ್ಗ್ಯುಮೆಂಟಿಗೆ ಕೊಡುವುದೇ ನಿಯಮಬಾಹಿರವಾಗಿತ್ತು. ಆದರೆ ಅದನ್ನು ಹಿಡಿಯುವ ಹೊಣೆ ಕಂಪೈಲರಿನದಲ್ಲ. ಫೋರ್ಟ್ರಾನ್ 2008 ಒಂದು ವಿನಾಯಿತಿ ಕೊಟ್ಟಿತು: ಆರ್ಗ್ಯುಮೆಂಟ್ ಆಪ್ಷನಲ್ ಆಗಿದ್ದರೆ, ನಲ್ ಕೊಟ್ಟದ್ದನ್ನು ಕೊಟ್ಟೇ ಇಲ್ಲ ಎಂದು ತಿಳಿಯಬೇಕು. ಒಳಗೆ ‘ಪ್ರೆಸೆಂಟ್’ ಎಂದು ಕೇಳಿದರೆ ಇಲ್ಲ ಎನ್ನುತ್ತದೆ. ಅದೇ ಆರ್ಗ್ಯುಮೆಂಟ್ ತಾನೂ ಪಾಯಿಂಟರ್ ಆಗಿದ್ದರೆ ‘ಪ್ರೆಸೆಂಟ್’ ಹೌದು ಎನ್ನುತ್ತದೆ, ‘ಅಸೋಸಿಯೇಟೆಡ್’ ಮಾತ್ರ ಇಲ್ಲ ಎನ್ನುತ್ತದೆ. ಕಾಲುವೆ ಇದೆ, ನೀರಿಲ್ಲ... ಇದು ಸರಿಯಾದ ಉತ್ತರ!

ಜಿಫೋರ್ಟ್ರಾನ್‌ನಲ್ಲಿ ‘-ಎಫ್‌ಚೆಕ್=ಪಾಯಿಂಟರ್’ ಹಾಕಿದರೆ ಆಪ್ಷನಲ್ ಅಲ್ಲದ ಕಡೆ ನಲ್ ಹೋದರೆ ಪ್ರೋಗ್ರಾಮ್ ಓಡುವಾಗ ಹಿಡಿದು ನಿಲ್ಲಿಸುತ್ತದೆ. ಆಪ್ಷನಲ್ ಆದರೆ ಸುಮ್ಮನಿರುತ್ತದೆ, ಏಕೆಂದರೆ ಅದು ಈಗ ಕಾನೂನುಬದ್ಧ.

ಈ ವಿನಾಯಿತಿಯಿಂದ ಅನುಕೂಲವಿಲ್ಲ ಅಂತಲ್ಲ. ಮೂರು ಆಪ್ಷನಲ್ ಇದ್ದರೆ ಇದ್ದದ್ದು-ಇಲ್ಲದ್ದು ಸೇರಿಸಿ ಎಂಟು ಬಗೆಯ ಕರೆ ಬರೆಯುವ ಕಷ್ಟ ತಪ್ಪಿತು. ಆದರೆ ‘ಬೇಡ ಅಂತ ಬಿಟ್ಟೆ’ ಮತ್ತು ‘ಮರೆತು ಬಿಟ್ಟೆ’ ಇವೆರಡರ ನಡುವಿನ ಗೆರೆಯೂ ಅಳಿಸಿಹೋಯಿತು. ಹವಾಮಾನದ ದೊಡ್ಡ ಮಾದರಿಗಳು ಇಂದಿಗೂ ಫೋರ್ಟ್ರಾನ್‌ನಲ್ಲಿವೆ. ಪ್ರೋಗ್ರಾಮ್ ಕುಸಿದು ಬಿದ್ದರೆ ಸರಿಪಡಿಸಬಹುದು. ನಗುನಗುತ್ತಾ ತಪ್ಪು ಹೇಳಿದರೆ? ಅದನ್ನು ನಂಬಿ ಬಿತ್ತುವವನ ಗತಿ?

ಕಂಪೈಲರ್ ಕೇಳಿದವರಿಗಾದರೂ ಒಂದು ಎಚ್ಚರಿಕೆ ಕೊಡಲಿ ಅನ್ನುವುದು ನನ್ನ ಆಸೆ. ಅಲ್ಲಿಯವರೆಗೆ, ಕರೆಯುವ ಮೊದಲು ‘ಅಸೋಸಿಯೇಟೆಡ್’ ಎಂದು ನಾವೇ ಕೇಳಿಕೊಳ್ಳೋಣ. ನೀರು ಬಂತಾ ಅಂತ ಹೊಲಕ್ಕೆ ಹೋಗಿ ನೋಡಿದ ಹಾಗೆ.

ನೀವೇನಂತೀರಿ?