ಡಬಲ್ ಕ್ಲಿಕ್ ಮಾಡೋದು ನಾವು, ತೀರ್ಮಾನ ಮಾಡೋದು ಯಾರು?

ಭಾಗ 1

ಕಳೆದ ವಾರ ಕೊರಟಗೆರೆಯಿಂದ ಕ್ಲಾಸ್‌ಮೇಟ್ ಒಬ್ಬ ಫೋನ್ ಮಾಡಿದ. "ಮಗಾ, ನಿನ್ನ ಮಾತು ಕೇಳಿ ಲಿನಕ್ಸ್ ಹಾಕ್ಸಿದ್ದೇ ತಪ್ಪಾಯ್ತು. ಮಾರ್ಕ್ಸ್ ಕಾರ್ಡ್ ಪಿಡಿಎಫ್ ಕೆಟ್ಟೋಗಿದೆ, ಅಕ್ಷರ ಎಲ್ಲಾ ಒಂದರ ಮೇಲೊಂದು ಕೂತಿದೆ." ಅಷ್ಟೊತ್ತಿಗೆ ಅವನು ಲ್ಯಾಪ್‌ಟಾಪ್ ಅಂಗಡಿಗೂ ಹೋಗಿ ಬಂದಿದ್ದ. ಅಲ್ಲಿ ಸಿಕ್ಕ ಸಲಹೆ: ಹಳೇ ಮಷೀನು, ಹೊಸದು ತಗೊಂಬಿಡಿ, ನಲವತ್ತು ಸಾವಿರದಿಂದ ಶುರು. ಮನೇಲಿ ಕಡ್ಲೇಕಾಯಿ ಮಾರಿದ ದುಡ್ಡಿನ ಲೆಕ್ಕ ಆಗ್ಲೇ ನಡೀತಿತ್ತು.

ಫೈಲ್‌ಗೆ ಏನೂ ಆಗಿರ್ಲಿಲ್ಲ ಗುರು. ಪಿಡಿಎಫ್ ಓದೋ ಆ್ಯಪ್ ಬದಲು ಲಿಬ್ರೆಆಫೀಸ್ ಡ್ರಾ ಅದನ್ನ ತೆಗೆದಿತ್ತು, ಅಷ್ಟೇ. ಡ್ರಾ ಇರೋದು ಚಿತ್ರ ಬಿಡಿಸೋಕೆ, ತಿದ್ದೋಕೆ. ಅದರ ಕೈಗೆ ಪಿಡಿಎಫ್ ಕೊಟ್ರೆ ಸಾಲು ಸಾಲನ್ನೂ ಬಿಡಿಬಿಡಿ ಮಾಡಿ ಇಡುತ್ತೆ, ಫಾಂಟ್ ಸಿಗದಿದ್ರೆ ಇನ್ನೊಂದು ಫಾಂಟ್ ಹಾಕುತ್ತೆ. ಅದಕ್ಕೇ ಅಕ್ಷರ ಜರುಗಿದ್ದು. ಫೋನಲ್ಲೇ ಹೇಳಿಕೊಟ್ಟೆ, ಅರ್ಧ ನಿಮಿಷದಲ್ಲಿ ಸರಿಹೋಯ್ತು.

ಅರ್ಧ ನಿಮಿಷದ ಕೆಲಸಕ್ಕೆ ನಲವತ್ತು ಸಾವಿರ! ನನಗೆ ಸಿಟ್ಟು ಬಂದಿರೋದು ಇದಕ್ಕೆ.

ಭಾಗ 2

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಮ್ಮ ನಾಲ್ಕೂ ತಾಲೂಕು ಸೇರಿ ಒಂದು ಶೈಕ್ಷಣಿಕ ಜಿಲ್ಲೆ, ನಾಲ್ಕೂ ಕಡೆ ಹುಡುಗರ ಹತ್ರ ಇರೋದು ಒಂದೇ ಥರದ ಲ್ಯಾಪ್‌ಟಾಪು: ಅಣ್ಣಂದೋ ಮಾವಂದೋ ಹಳೇದು, ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಕೇಳುತ್ತೆ, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಚೆನ್ನಾಗಿ ಓಡ್ತಿರೋ ಮಷೀನು ಒಂದೇ ದಿನಕ್ಕೆ "ಹಳೇದು" ಆಗೋಯ್ತು. ಅದಕ್ಕೆ ಮಿಂಟೋ ಉಬುಂಟುನೋ ಹಾಕಿದ್ರೆ ಇನ್ನೂ ನಾಲ್ಕು ವರ್ಷ ದುಡಿಯುತ್ತೆ, ಅದೂ ಪುಕ್ಕಟೆ. ಆದ್ರೆ ಮೊದಲ ಸಲ ತಪ್ಪು ಆ್ಯಪ್ ತೆರೆದ ತಕ್ಷಣ "ಲಿನಕ್ಸಲ್ಲಿ ಫೈಲ್ ಓಪನ್ ಆಗಲ್ಲ" ಅಂತ ಊರೆಲ್ಲಾ ಸಾರಿಬಿಡ್ತೀರ. ಓಪನ್ ಆಗಿದೆ ಕಣ್ರೋ. ಬೇರೆ ಬಾಗಿಲಲ್ಲಿ ಆಗಿದೆ.

ಬಿ.ಕಾಂನಲ್ಲಿ ಡೀಫಾಲ್ಟ್ ಅಂದ್ರೆ ಸಾಲ ಕಟ್ಟದೆ ಕೂರೋದು. ಕಂಪ್ಯೂಟರಲ್ಲಿ ಡೀಫಾಲ್ಟ್ ಅಂದ್ರೆ ನೀವು ಬಾಯಿ ಬಿಡದೇ ಇದ್ದಾಗ ನಿಮ್ಮ ಪರವಾಗಿ ಇನ್ಯಾರೋ ಹೇಳಿರೋ ಉತ್ತರ. ಆ ಉತ್ತರಕ್ಕೆ ಬೆಲೆ ಎಷ್ಟು ಗೊತ್ತಾ? ಫೋನು, ಬ್ರೌಸರ್‌ಗಳಲ್ಲಿ ತನ್ನ ಸರ್ಚ್ ಡೀಫಾಲ್ಟ್ ಆಗಿರ್ಲಿ ಅಂತ ಗೂಗಲ್ 2021ನೇ ಒಂದೇ ವರ್ಷ ಕೊಟ್ಟಿದ್ದು 2,630 ಕೋಟಿ ಡಾಲರ್. ಅಮೆರಿಕದ ಕೋರ್ಟಲ್ಲಿ ಹೊರಬಿದ್ದ ಲೆಕ್ಕ ಇದು. ನಮ್ಮ ದೇಶದಲ್ಲೂ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಅದೇ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ಹಾಕ್ತು. ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ತನ್ನ ಆ್ಯಪ್‌ಗಳನ್ನ ಮೊದಲೇ ತುಂಬಿಸೋ ಷರತ್ತೂ ಆ ಕೇಸಲ್ಲಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸೋಕೆ ಯಾರೂ ಅಡ್ಡ ಬರಲ್ಲ, ಆದ್ರೂ ಅಷ್ಟು ದುಡ್ಡು ಸುರೀತಾರೆ. ಯಾಕೆ? ನಾವು ಬದಲಾಯಿಸಲ್ಲ ಅಂತ ಅವರಿಗೆ ಗ್ಯಾರಂಟಿ ಇದೆ!

ಲಿನಕ್ಸಲ್ಲಿ ಹಾಗೆ ದುಡ್ಡು ಕೊಟ್ಟು ಡ್ರಾ ಆ್ಯಪನ್ನ ಯಾರೂ ಕೂರಿಸಿಲ್ಲ. "ನಾನು ಪಿಡಿಎಫ್ ತೆಗೀಬಲ್ಲೆ" ಅಂತ ಹತ್ತು ಆ್ಯಪ್ ಕೈ ಎತ್ತುತ್ತೆ, ನೀವು ಹೆಸರು ಹೇಳದಿದ್ರೆ ಸಿಸ್ಟಮ್ ಅದರಲ್ಲೊಂದನ್ನ ಕರೆಯುತ್ತೆ. ಹೇಳೋ ಹಕ್ಕು ನಿಮ್ಮ ಕೈಲಿದೆ. ಉಪಯೋಗಿಸದೆ ಬೈಯ್ಯೋದು ಯಾವ ನ್ಯಾಯ?

ಭಾಗ 3

ಈಗ ಲಿನಕ್ಸ್ ಸೀನಿಯರ್‌ಗಳಿಗೆ. ನಿಮ್ಮದೂ ತಪ್ಪಿದೆ ಅಣ್ಣಂದಿರಾ. ಪಿಡಿಎಫ್ ಸರಿಯಾಗಿ ಕಾಣ್ತಿಲ್ಲ ಅಂತ ಒಬ್ಬ ಬಂದ್ರೆ ಮೊದಲ ಮಾತೇ "ಟರ್ಮಿನಲ್ ತೆಗಿ". ಕಪ್ಪು ಕಿಟಕೀಲಿ ಅವನಿಂದ ಎರಡು ಸಾಲು ಟೈಪ್ ಮಾಡ್ಸಿ, ಅದರಲ್ಲಿ ಒಂದು ಚುಕ್ಕೆ ತಪ್ಪಿ, ಅವನು ಅವತ್ತೇ ವಿಂಡೋಸ್‌ಗೆ ವಾಪಸ್. ಮೌಸ್‌ನಲ್ಲೇ ಆಗೋ ಕೆಲಸಕ್ಕೆ ಇಷ್ಟು ಬಿಲ್ಡಪ್ ಯಾಕೆ?

ಮಿಂಟ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಓಪನ್ ವಿತ್. ಬೇಕಾದ ಆ್ಯಪ್ ಆರಿಸಿ "ಸೆಟ್ ಆ್ಯಸ್ ಡೀಫಾಲ್ಟ್" ಒತ್ತಿ. ಹೊಸ ಉಬುಂಟುನಲ್ಲಿ ರೈಟ್ ಕ್ಲಿಕ್, ಓಪನ್ ವಿತ್, ಕೆಳಗಡೆ ಈ ಥರದ ಫೈಲ್‌ಗೆ ಯಾವಾಗಲೂ ಇದೇ ಅನ್ನೋ ಬಟನ್ ಆನ್ ಮಾಡಿ. ಮುಗೀತು. ಇದು ಆ ಒಂದು ಫೈಲ್‌ಗೆ ಮಾತ್ರ ಅಲ್ಲ, ಆ ಜಾತಿಯ ಎಲ್ಲಾ ಫೈಲ್‌ಗೂ ಲಾಗೂ. ನಿಮ್ಮ ಹೋಮ್ ಫೋಲ್ಡರ್ ಒಳಗೆ ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್ ಅನ್ನೋ ಪುಟ್ಟ ಫೈಲಲ್ಲಿ ಈ ತೀರ್ಮಾನ ಬರೆದುಕೊಳ್ಳುತ್ತೆ. ಸಿಸ್ಟಮ್‌ನ ಪಟ್ಟಿ ಏನೇ ಹೇಳ್ಲಿ, ಮೊದಲು ನಡೆಯೋದು ನಿಮ್ಮ ಪಟ್ಟಿ.

ಸುಳ್ಳು ಹೇಳಲ್ಲ, ಎಲ್ಲಾನೂ ಇದರಲ್ಲಿ ಸರಿಹೋಗಲ್ಲ. ಟ್ಯಾಲಿಪ್ರೈಮ್ ಮಾಡಿರೋದೇ ವಿಂಡೋಸ್‌ಗೆ. ಅದನ್ನ ಕಾಲೇಜ್ ಲ್ಯಾಬಲ್ಲೇ ಮಾಡಿ. ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿದ ನೋಟ್ಸ್ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜಿನ ಥರ ಕಂಡ್ರೆ ಆ್ಯಪ್ ಬದಲಾಯಿಸಿ ಪ್ರಯೋಜನ ಇಲ್ಲ, ಆ ಫಾಂಟ್ ಹಾಕ್ಬೇಕು ಇಲ್ಲಾ ಯೂನಿಕೋಡ್‌ಗೆ ತಿರುಗಿಸ್ಬೇಕು. ಕೆಲವು ಬ್ಯಾಂಕ್ ಸ್ಟೇಟ್‌ಮೆಂಟ್ ಹೆಸರಿಗೆ ಎಕ್ಸೆಲ್ ಫೈಲು, ಒಳಗಡೆ ಬರೀ ಟ್ಯಾಬ್ ಹಾಕಿರೋ ಪಠ್ಯ. ಲಿಬ್ರೆಆಫೀಸ್ ಒಂದು ಕಿಟಕಿ ತೆಗೆದು "ಯಾವುದರಿಂದ ಬೇರ್ಪಡಿಸ್ಲಿ?" ಅಂತ ಕೇಳುತ್ತೆ, ಹೆದರಿ ಕ್ಯಾನ್ಸಲ್ ಒತ್ತಬೇಡಿ, ಟ್ಯಾಬ್ ಆರಿಸಿ ಓಕೆ ಕೊಡಿ. ಇಷ್ಟು ಬಿಟ್ರೆ ನಮ್ಮ ನೋಟ್ಸು, ಹಾಲ್ ಟಿಕೆಟ್ಟು, ಪಹಣಿ ಪಿಡಿಎಫ್ಫು, ಫೋಟೋ, ಹಾಡು ಎಲ್ಲಾ ಅರ್ಧ ನಿಮಿಷದ ಲೆಕ್ಕವೇ. ಅಂಗಡಿಗೆ ಹೋಗೋ ಮುಂಚೆ ಒಂದ್ಸಲ ರೈಟ್ ಕ್ಲಿಕ್ ಮಾಡಿ ನೋಡ್ರಪ್ಪಾ, ಆಗ್ಲಿಲ್ಲ ಅಂದ್ರೆ ನನಗೆ ಮೆಸೇಜ್ ಹಾಕಿ.

ಕೊರಟಗೆರೆ ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಅವನ ಲಾಗಿನ್‌ನಲ್ಲಿ ಎಲ್ಲಾ ಸರಿಯಿದೆಯಂತೆ, ತಂಗಿ ಲಾಗಿನ್‌ನಲ್ಲಿ ಪಿಡಿಎಫ್ ಇನ್ನೂ ಡ್ರಾದಲ್ಲೇ ತೆಗೆಯುತ್ತಂತೆ. ಹೌದು, ಒಬ್ಬೊಬ್ಬರ ಲಾಗಿನ್‌ಗೆ ಒಂದೊಂದು ಪಟ್ಟಿ. "ಅವಳದ್ದೂ ಬದಲಾಯಿಸ್ಲಾ?" ಅಂದ. ಹಿಂದಿನಿಂದ ಅವಳ ಕೂಗು ಕೇಳಿಸ್ತು: "ಮುಟ್ಟಿದ್ರೆ ನೋಡು, ನಾನು ಅದರಲ್ಲೇ ಗಣೇಶನ ಪೋಸ್ಟರ್ ತಿದ್ತಿರೋದು!"

#ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ #ಲಿನಕ್ಸ್‌ಕನ್ನಡ